ಬಾಗಿಲು ನೋಡುವ ಹಕ್ಕಿ

ಫೆಬ್ರವರಿ ೪

ಮಗಳೇ,

ಕೆಲಸದಲ್ಲಿದ್ದಷ್ಟು ಕಾಲವೂ ಊರವರ ಕಾಗದಗಳನ್ನು ವಿಂಗಡಿಸಿ ಚೀಲಕ್ಕೆ ಹಾಕಿದವನು ನಾನು. ಸ್ವಂತಕ್ಕೆ ಒಂದು ಬರೆಯೋಣವೆಂದರೆ ಬೆಳಗಿನಿಂದ ಎರಡು ಹಾಳೆ ಹರಿದೆ. ಫೋನು ಮಾಡಬಹುದಿತ್ತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನಾನೇ ಊಹಿಸಿಕೊಂಡು ಉತ್ತರ ಕೊಡುತ್ತೇನೆ. ಹೋದ ಸಲ ನೀನು ಏನೋ ಕೇಳಿದೆ. ನಾನು "ಹೂಂ, ಗ್ಯಾಸು ಬಂತು" ಎಂದೆ. ನೀನು ಫೋನು ಇಟ್ಟುಬಿಟ್ಟೆ. ನೀನು ಕೇಳಿದ್ದು ಗ್ಯಾಸಿನ ವಿಷಯ ಇರಲಾರದು ಎಂದು ಆಮೇಲೆ ಅನ್ನಿಸಿತು.

ಬರೆಯುವುದಕ್ಕೆ ಒಂದು ಕಾರಣ ಸಿಕ್ಕಿದೆ. ಚರ್ಚಿನಲ್ಲಿ ನಮ್ಮ ಬೆಂಚಿನ ಪಕ್ಕದ ಗೋಡೆಯಲ್ಲಿರುವ ಬಣ್ಣದ ಗಾಜಿನ ಕಿಟಕಿ ನಿನಗೆ ನೆನಪಿರಬೇಕು. ಗೂಡಿನಲ್ಲಿ ಮೂರು ಮರಿ, ಮೇಲೆ ಬಾಗಿಲ ಕಡೆ ತಿರುಗಿ, ಕೊಕ್ಕನ್ನು ಎದೆಗಿಟ್ಟು, ರೆಕ್ಕೆ ಬಿಚ್ಚಿ ನಿಂತ ತಾಯಿ ಹಕ್ಕಿ, ಸುತ್ತ ದ್ರಾಕ್ಷಿ ಬಳ್ಳಿ. ಎಲ್ಲರೂ ಬಾತುಕೋಳಿ ಕಿಟಕಿ ಎನ್ನುತ್ತಿದ್ದೆವಲ್ಲ, ಅದೇ. ಈಗ ಅದು ಗರ್ಭಿಣಿಯ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿದೆ. ಹೋದ ಭಾನುವಾರ ಎರಡನೆಯ ಹಾಡಿನ ನಡುವೆ ಒಂದು ಹಸಿರು ಚೂರು ಕಳಚಿ ಹಾಡಿನ ಟೀಚರ ಪುಸ್ತಕದ ಮೇಲೆ ಬಿತ್ತು. ಅವರು ಹಾಡು ನಿಲ್ಲಿಸಲಿಲ್ಲ. ಚೂರನ್ನು ಅದೇ ಪುಟದಲ್ಲಿ ಗುರುತಿಗೆ ಇಟ್ಟುಕೊಂಡು ಮುಂದಿನ ಸಾಲಿಗೆ ಹೋದರು.

ಆರಾಧನೆ ಮುಗಿದ ಮೇಲೆ ಸಭೆ ಸೇರಿದರು. "ನಿಮ್ಮ ಮಗಳು ಇದೇ ಕೆಲಸ ಅಲ್ವಾ ಮಾಡೋದು?" ಎಂದು ಪಾದ್ರಿಗಳು ಕೇಳಿದರು. ನಾನು ಹೌದೆಂದೆ. ಗಂಟೆ ಹೊಡೆಯುವ ನಮ್ಮ ಗಂಟೆಯಣ್ಣ ಸುಮ್ಮನಿರುವವನಲ್ಲವಲ್ಲ, "ಮಾಡ್ತಾಳೆ ಸರಿ. ಈ ಊರಿಂದು ಅಂದ್ರೆ ಮುಟ್ತಾಳಾ ಕೇಳಿ ಮೊದ್ಲು" ಎಂದ. ಯಾರೂ ನಗಲಿಲ್ಲ. ಅವನಿಗೇ ಇರುಸುಮುರುಸಾಗಿ ಹೋಗಿ ಬಾಗಿಲು ಹಾಕಿದ.

ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮ ಗಾಜಿನ ಕಾರ್ಖಾನೆಯಲ್ಲಿ ಇದನ್ನು ರಿಪೇರಿಗೆ ತೆಗೆದುಕೊಳ್ಳುತ್ತಾರೆಯೇ?

ಅಮ್ಮ ಹೋದ ಮೇಲೂ ನಾನು ಬೆಂಚಿನಲ್ಲಿ ಗೋಡೆಯ ಬದಿಗೇ ಕೂರುತ್ತೇನೆ. ಅವಳ ಜಾಗ ಹಾಗೇ ಇದೆ. ಆ ಹಕ್ಕಿಯನ್ನು ನೋಡಿ ಅವಳು ಹೇಳುತ್ತಿದ್ದ ಮಾತು ನೆನಪಾಗುತ್ತಿರುತ್ತದೆ: "ಪುಕ್ಕ ಕೀಳೋದು ನೆಪ ಕಣ್ರೀ, ಕಣ್ಣೆಲ್ಲ ಬಾಗಿಲ ಮೇಲೇ."

ನಿನ್ನ ಅಪ್ಪ

&nbsp;

ಫೆಬ್ರವರಿ ೧೭

ಅಪ್ಪ,

ಕಾಗದ ಬಂತು. ವಿಳಾಸದ ಅಂಕಿಗಳನ್ನು ಈಗಲೂ ಒಂದಕ್ಕೊಂದು ತಾಗದ ಹಾಗೆ ಬರೆಯುತ್ತೀರಿ.

ಕಾರ್ಖಾನೆಯ ಯಜಮಾನರು ಒಪ್ಪಿದ್ದಾರೆ. ಕೆಲಸ ನನ್ನ ಮೇಜಿಗೇ ಬರುತ್ತದೆ. ಇಳಿಸುವಾಗ ಹೀಗೆ ಮಾಡಿಸಿ. ಮೊದಲು ಎರಡೂ ಕಡೆಯಿಂದ ತೆಳು ಕಾಗದವನ್ನು ಹಿಟ್ಟಿನ ಅಂಟು ಹಾಕಿ ಮೆತ್ತಲಿ, ಸಡಿಲವಾದ ಚೂರುಗಳು ಉದುರುವುದಿಲ್ಲ. ಅಂಚಿನ ಗಾರೆಯನ್ನು ಕೆರೆದು ತೆಗೆಯಬೇಕು, ಸುತ್ತಿಗೆ ಮುಟ್ಟಿಸಬಾರದು. ಎರಡು ಹಲಗೆಗಳ ನಡುವೆ ಕಂಬಳಿ ಇಟ್ಟು, ಬಾಗಿಲು ಸಾಗಿಸುವ ಹಾಗೆ ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಟೀಚರ ಪುಸ್ತಕದಲ್ಲಿರುವ ಹಸಿರು ಚೂರನ್ನು ಮರೆಯದೆ ಕಳಿಸಿ.

ಆ ಊರಿನ ಕೆಲಸ ಎಂದರೂ ಮುಟ್ಟುತ್ತೇನೆ ಎಂದು ಗಂಟೆಯಣ್ಣನಿಗೆ ಹೇಳಿ.

ನಿಮ್ಮ ಮಗಳು

&nbsp;

ಮಾರ್ಚ್ ೯

ಮಗಳೇ,

ಕಿಟಕಿ ಇವತ್ತು ಹೊರಟಿತು. ನೀನು ಬರೆದುದನ್ನು ಪಾದ್ರಿಗಳು ಗಟ್ಟಿಯಾಗಿ ಓದಿದರು, ಬಡಗಿ ಹಾಗೇ ಮಾಡಿದ. ಹಿಟ್ಟಿನ ಅಂಟು ಕಾಯಿಸಿದ್ದು ನಾನು, ನಮ್ಮ ಅಡುಗೆಮನೆಯಲ್ಲೇ. ತಳ ಹಿಡಿಯಿತು. ಅಮ್ಮ ಇದ್ದಿದ್ದರೆ ಆ ಪಾತ್ರೆಯ ಗತಿಗೆ ನನಗೇನು ಕಾದಿತ್ತೋ ನಿನಗೇ ಗೊತ್ತು.

ಹಲಗೆಯ ನಡುವೆ ಇಡಲು ಕಂಬಳಿ ಬೇಕಿತ್ತು. ಅಮ್ಮನ ಕಂದು ಕಂಬಳಿ ಕೊಟ್ಟಿದ್ದೇನೆ. ಅದು ವಾಪಸು ಬರಬೇಕೆಂದೇನೂ ಇಲ್ಲ.

ಇಳಿಸುವಾಗ ಗಂಟೆಯಣ್ಣ ಕೆಳಗೆ ನಿಂತು, "ಮೆಲ್ಲಗಪ್ಪಾ, ಬಾತುಕೋಳಿ ಮೊಟ್ಟೆ ಮೇಲೆ ಕೂತಿದೆ" ಎನ್ನುತ್ತಿದ್ದ. ಪಾದ್ರಿಗಳು, "ಅದು ಹಂಸ ಕಣಯ್ಯಾ" ಎಂದರು. ಬಡಗಿ ಏಣಿಯ ಮೇಲಿಂದ, "ಹತ್ತಿರದಿಂದ ನೋಡ್ತಿರೋನು ನಾನು, ಕೊಕ್ಕು ನೋಡಿದ್ರೆ ಹದ್ದೇ" ಎಂದ. ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅದರ ಪಕ್ಕದಲ್ಲಿ ಕೂತು ಅದು ಯಾವ ಹಕ್ಕಿ ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎಂದುಕೊಂಡೆ.

ಕಿಟಕಿ ಇದ್ದಲ್ಲಿ ಈಗ ಪ್ಲೈವುಡ್ ಹೊಡೆದಿದ್ದಾರೆ. ಬೆಂಚಿನ ಮೇಲೆ ಬೆಳಕಿಲ್ಲ. ಪ್ರಾರ್ಥನೆಯ ಪುಸ್ತಕ ಓದಲು ಕಷ್ಟ. ಅರ್ಧ ಬಾಯಿಪಾಠ ಇರುವುದರಿಂದ ನಡೆಯುತ್ತದೆ.

ಅದು ಯಾವ ಹಕ್ಕಿ, ಅಲ್ಲಿ ಏನು ಮಾಡುತ್ತಿದೆ ಎಂದು ತಿಳಿದರೆ ಬರಿ.

ಅಪ್ಪ

&nbsp;

ಮಾರ್ಚ್ ೨೮

ಅಪ್ಪ,

ಕಿಟಕಿ ಕ್ಷೇಮವಾಗಿ ಬಂದಿದೆ. ಕಂಬಳಿ ಬಿಚ್ಚಿದೆ. ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಇದೆ.

ಅದು ಬಾತುಕೋಳಿಯೂ ಅಲ್ಲ, ಹಂಸವೂ ಅಲ್ಲ, ಹದ್ದೂ ಅಲ್ಲ. ಹೆಜ್ಜಾರ್ಲೆ. ಕೊಕ್ಕಿನ ಕೆಳಗೆ ಚೀಲ ಇರುವ ನೀರಹಕ್ಕಿ. ಮಾಡಿದವನು ಜನ್ಮದಲ್ಲಿ ಹೆಜ್ಜಾರ್ಲೆಯನ್ನು ನೋಡಿರಲಿಲ್ಲ. ಹದ್ದಿನ ಕೊಕ್ಕು, ಹಂಸದ ಕತ್ತು, ಕೋಳಿಯ ಕಾಲು ಜೋಡಿಸಿ ಒಂದು ಹಕ್ಕಿ ಮಾಡಿದ್ದಾನೆ. ಆದ್ದರಿಂದ ನಿಮ್ಮಲ್ಲಿ ಯಾರೂ ಪೂರ್ತಿ ತಪ್ಪಲ್ಲ.

ಅದು ಪುಕ್ಕ ಕೀಳುತ್ತಿಲ್ಲ. ತನ್ನ ಎದೆಯನ್ನು ತಾನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುತ್ತಿದೆ. ಹಿಂದಿನವರು ಹಾಗೆ ನಂಬಿದ್ದರು. ತನ್ನವರಿಗಾಗಿ ರಕ್ತ ಸುರಿಸಿದ ಕ್ರಿಸ್ತನ ಗುರುತೆಂದು ಅದನ್ನು ಚರ್ಚುಗಳಲ್ಲಿ ಇಡುತ್ತಿದ್ದರು. ಸುತ್ತಲಿನ ದ್ರಾಕ್ಷಿಯೂ ಅದಕ್ಕೇ, ದ್ರಾಕ್ಷಾರಸ ಎಂದರೆ ರಕ್ತ ಎಂದು. ಇಷ್ಟು ದಿನ ನಮಗ್ಯಾರಿಗೂ ಇದು ಕಾಣದೆ ಇದ್ದುದಕ್ಕೆ ಕಾರಣವಿದೆ. ಗಾಜಿನ ಬಣ್ಣ ಗಾಜಿನದೇ, ಅದು ಹೋಗುವುದಿಲ್ಲ. ಆದರೆ ಕಣ್ಣು, ಗರಿಯ ಗೆರೆ, ರಕ್ತದ ಹನಿ ಇವನ್ನೆಲ್ಲ ಗಾಜಿನ ಒಳಮೈ ಮೇಲೆ ಕುಂಚದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟಿರುತ್ತಾರೆ. ಆ ಮೈ ಚರ್ಚಿನ ಒಳಗಡೆಗೆ ಇರಬೇಕು. ಇದನ್ನು ಯಾರೋ ಹಿಂದೊಮ್ಮೆ ಇಳಿಸಿ, ಮತ್ತೆ ಕೂರಿಸುವಾಗ ಹಿಂದುಮುಂದಾಗಿ ಕೂರಿಸಿದ್ದಾರೆ. ಬರೆದದ್ದೆಲ್ಲ ಹೊರಗಾಗಿ ಗಾಳಿಮಳೆಗೆ ತೊಳೆದುಹೋಗಿದೆ. ಎದೆಯ ಮೇಲಿನ ಹನಿಗಳಲ್ಲಿ ಒಂದೆರಡು ಮಾತ್ರ ಉಳಿದಿವೆ, ಅವೂ ತುಕ್ಕಿನ ಕಲೆಯ ಹಾಗೆ.

ಸರಿಯಾಗಿ ಕೂರಿಸಿದರೆ ಹಕ್ಕಿ ಬಲಿಪೀಠದ ಕಡೆ ನೋಡುತ್ತದೆ. ನಾವು ನೋಡಿದ್ದೆಲ್ಲ ಗಾಜಿನ ಬೆನ್ನು.

ಇನ್ನೊಂದು. ಅಮ್ಮ ಕಣ್ಣು ಬಾಗಿಲ ಮೇಲೆ ಎನ್ನುತ್ತಿದ್ದಳು ಎಂದು ಬರೆದಿದ್ದಿರಿ. ಹಕ್ಕಿಗೆ ಕಣ್ಣೇ ಇಲ್ಲ ಅಪ್ಪ. ಯಾವ ಕಾಲಕ್ಕೋ ಅಳಿಸಿಹೋಗಿದೆ. ಬರೀ ಬಿಳಿ ಗಾಜು. ಅವಳಿಗೆ ಎಲ್ಲಿ ಕಂಡಿತೋ.

ಯಜಮಾನರು ಇದರ ಹಳೆಯ ಕಥೆ ಹೇಳಿದರು. ಮರಿಗಳು ಬೆಳೆಯುತ್ತ ಬಂದ ಹಾಗೆ ರೆಕ್ಕೆಯಿಂದ ತಾಯಿಯ ಮುಖಕ್ಕೆ ಬಡಿಯುತ್ತವಂತೆ. ತಾಯಿ ಸಿಟ್ಟಿನಲ್ಲಿ ತಿರುಗಿ ಹೊಡೆಯುತ್ತದಂತೆ. ಮರಿಗಳು ಸತ್ತುಹೋಗುತ್ತವೆ. ಮೂರು ದಿನ ಅವುಗಳ ಪಕ್ಕದಲ್ಲಿ ಕೂತು ಅತ್ತು, ಮೂರನೆಯ ದಿನ ತನ್ನ ಎದೆ ಬಗೆದು ಆ ರಕ್ತವನ್ನು ಅವುಗಳ ಮೇಲೆ ಹನಿಸುತ್ತದಂತೆ. ಆಗ ಮರಿಗಳು ಎದ್ದು ಕೂರುತ್ತವಂತೆ.

ಇನ್ನೊಮ್ಮೆ ಹೇಳಿ ಎಂದೆ. "ಯಾಕಮ್ಮಾ, ಅರ್ಥ ಆಗ್ಲಿಲ್ವಾ?" ಎಂದರು.

ಕುಲುಮೆ ಕಾದಿದೆ. ಹೋಗಬೇಕು.

ನಿಮ್ಮ ಮಗಳು

&nbsp;

ಏಪ್ರಿಲ್ ೨೪

ಅಪ್ಪ,

ಹೋದ ತಿಂಗಳ ಕಾಗದ ತಲುಪಿತೇ? ಹಳೆಯ ಸೀಸದ ಪಟ್ಟಿಗಳನ್ನೆಲ್ಲ ಬಿಡಿಸಿ, ಚೂರುಗಳನ್ನು ತೊಳೆದು ಇಟ್ಟಿದ್ದೇನೆ. ಮುಂದಿನದಕ್ಕೆ ಸಭೆಯವರ ಒಪ್ಪಿಗೆ ಬೇಕು. ಅಂಚೆಯವರ ಮನೆಗೇ ಅಂಚೆ ತಲುಪದಿದ್ದರೆ ಇನ್ನಾರನ್ನು ಕೇಳಲಿ?

ಮಗಳು

&nbsp;

ಮೇ ೨

ಮಗಳೇ,

ತಲುಪಿತು. ಬಂದ ದಿನವೇ ಓದಿದೆ. ಆಮೇಲೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಬರೆಯಲು ಕೂತಾಗೆಲ್ಲ ಆ ಮರಿಗಳು ಮುಖಕ್ಕೆ ಬಡಿಯುವ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ.

ನೀನು ಮನೆ ಬಿಟ್ಟ ದಿನ ನಾವು ಮೂವರೂ ಅಡುಗೆಮನೆಯಲ್ಲಿದ್ದೆವು. ನೀನು ಅಂದದ್ದು, ಅವಳು ಬಟ್ಟೆ ಅಳೆಯುವ ಮರದ ಕೋಲು ಎತ್ತಿದ್ದು, ನಾವು ಮೂವರೂ ನೋಡಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಕೋಲನ್ನು ಅವಳು ಆಮೇಲೆ ಬಳಸಲಿಲ್ಲ ಎಂಬುದನ್ನು ಮಾತ್ರ ಬರೆಯುತ್ತೇನೆ. ಟೇಪು ಹಿಡಿದೇ ಅಳೆಯುತ್ತಿದ್ದಳು. ಕೋಲು ಬಾಗಿಲ ಹಿಂದೆಯೇ ಇದೆ.

ಸಭೆಯಲ್ಲಿ ನಿನ್ನ ಕಾಗದದ ಅರ್ಧ ಓದಿದರು, ಆ ಅರ್ಧ ನಾನೇ ಬರೆದುಕೊಂಡು ಹೋಗಿದ್ದೆ. ದೊಡ್ಡ ಜಗಳವೇ ಆಯಿತು. ಕಿಟಕಿ ಹಿಂದುಮುಂದಾಗಿದೆ ಎಂದರೆ ನಮ್ಮ ತಾತಂದಿರು ಕುರುಡರೇ ಎಂದು ಒಬ್ಬರು. "ಇಷ್ಟು ವರ್ಷ ಬಾಗಿಲು ಕಾಯ್ದ ಹಕ್ಕಿ, ಇನ್ನಾದ್ರೂ ದೇವ್ರ ಕಡೆ ತಿರುಗ್ಲಿ ಬಿಡ್ರಪ್ಪಾ" ಎಂದು ಗಂಟೆಯಣ್ಣ. "ಹಾಗಾದ್ರೆ ತಡವಾಗಿ ಬರೋರನ್ನ ನೋಡೋರ್ಯಾರು?" ಎಂದು ಯಾರೋ ಹಿಂದಿನಿಂದ. ಅದಕ್ಕೆ ಎಲ್ಲರೂ ನಕ್ಕರು. ಹಿಂದೆಲ್ಲ ತಡವಾಗಿ ಬರುತ್ತಿದ್ದವಳು ನೀನೇ ಅಲ್ಲವೇ. ಅಮ್ಮ ನಿನ್ನನ್ನು ನಿಧಾನಿ ಎಂದು ಕರೆದು ಕರೆದು ಚರ್ಚಿನವರೆಲ್ಲ ಹಾಗೇ ಕರೆಯುತ್ತಿದ್ದರು.

ನನ್ನದೊಂದು ಬೇಡಿಕೆ. ನಾನು ಯಾವತ್ತೂ ನಿನ್ನನ್ನು ಏನೂ ಕೇಳಿದವನಲ್ಲ. ಹಕ್ಕಿಯನ್ನು ಮೊದಲಿದ್ದ ಹಾಗೇ ಕೂರಿಸಿಬಿಡು. ಬಾಗಿಲ ಕಡೆಗೇ ಇರಲಿ. ಅಮ್ಮ ಅದನ್ನು ಹಾಗೆ ನೋಡಿದ್ದಳು. ನೀನು ಹೋದ ಮೇಲೆ ಆರಾಧನೆಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು.

ಅಪ್ಪ

&nbsp;

ಮೇ ೧೪

ಅಪ್ಪ,

ಆಗುವುದಿಲ್ಲ.

ತಿರುವಿ ಕೂರಿಸಿದರೆ ಉಳಿದಿರುವ ಎರಡು ಹನಿಗಳೂ ನನ್ನ ಆಯುಸ್ಸಿನಲ್ಲೇ ಹೋಗುತ್ತವೆ. ತಪ್ಪೆಂದು ಗೊತ್ತಿದ್ದೂ ತಪ್ಪಾಗಿ ಕೂರಿಸಲು ನನ್ನ ಕೈ ಬರುವುದಿಲ್ಲ. ಈ ಕೆಲಸ ಕಲಿಯಲೆಂದೇ ಆ ಮನೆ ಬಿಟ್ಟವಳು ನಾನು. ಇದನ್ನೂ ಕೆಡಿಸಿದರೆ ನನ್ನ ಹತ್ತಿರ ಏನು ಉಳಿಯುತ್ತದೆ?

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಬಾಗಿಲು ನೋಡುತ್ತಿದ್ದಳು, ಹಕ್ಕಿ ನೋಡುತ್ತಿದ್ದಳು ಎಂದು ಬರೆಯುತ್ತೀರಿ. ಅವಳ ಗಂಡ ಅಂಚೆ ಕಚೇರಿಯಲ್ಲಿದ್ದ. ಒಂದು ಅಂಚೆಚೀಟಿಗೆ ಅವಳಿಗೆ ಬರವಿತ್ತೇ? ಒಂಬತ್ತು ವರ್ಷದಲ್ಲಿ ಒಂದು ಸಾಲು ಬರೆಯಲಿಲ್ಲ. ನಾನೂ ಬರೆಯಲಿಲ್ಲ, ಅದು ನನಗೆ ಗೊತ್ತಿದೆ. ಆದರೆ ಅವಳು ಹೇಳದೆ ಹೋದದ್ದನ್ನು ಈಗ ಒಂದು ಗಾಜಿನ ಹಕ್ಕಿಯ ಬಾಯಿಂದ ಹೇಳಿಸಬೇಡಿ. ಆ ಹಕ್ಕಿ ನನ್ನ ಮೇಜಿನ ಮೇಲೆ ಚೂರುಚೂರಾಗಿ ಬಿದ್ದಿದೆ. ಒಂದೊಂದು ಚೂರನ್ನೂ ನೋಡಿದ್ದೇನೆ. ಅದರಲ್ಲಿ ನನಗೆಂದು ಏನೂ ಬರೆದಿಲ್ಲ.

ನೀವು ಗ್ಯಾಸು ಬಂತು ಎಂದಿರಲ್ಲ, ಆ ದಿನ ಫೋನಿನಲ್ಲಿ ನಾನು ಕೇಳಿದ್ದು ಬೇರೆ. ಕೊನೆಗೆ ಅಮ್ಮ ನನ್ನನ್ನು ಕೇಳಿದಳಾ ಎಂದು ಕೇಳಿದ್ದೆ. ಮಣ್ಣು ಮಾಡಿದ ಮೂರನೆಯ ದಿನಕ್ಕೆ ಬಂದೆನಲ್ಲ, ಅವತ್ತೇ ಕೇಳಬೇಕಿತ್ತು. ಮನೆ ತುಂಬ ಜನ ಇದ್ದರು. ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ.

ಈಗ ಬರೆದು ಕೇಳುತ್ತಿದ್ದೇನೆ, ಇದು ನಿಮಗೆ ಸರಿಯಾಗಿ ಕೇಳಿಸಬೇಕು. ನನಗೆ ಹಿತವಾಗುವುದನ್ನು ಬರೆಯಬೇಡಿ. ಆದದ್ದನ್ನು ಬರೆಯಿರಿ.

ಮಗಳು

&nbsp;

ಜೂನ್ ೬

ಮಗಳೇ,

ಇಲ್ಲ. ನಿನ್ನ ಹೆಸರು ಹಿಡಿದು ಕೇಳಲಿಲ್ಲ.

ಕೊನೆಯ ವಾರ ಅವಳು ಕೇಳಿದ್ದು ಇಷ್ಟು: ಪಕ್ಕದ ಮನೆಯವರ ರವಿಕೆ ಕೊಟ್ಟಾಯಿತೇ, ಹಾಲು ಮುಚ್ಚಿಟ್ಟಿರಾ, ಕಿಟಕಿ ಹಾಕಿ, ಗಾಳಿ ಬರುತ್ತಿದೆ. ಕೊನೆಯ ದಿನ ನನ್ನ ಅಂಗಿಯ ಗುಂಡಿ ಸಡಿಲವಾಗಿದೆ ಎಂದಳು. ಅದು ಇನ್ನೂ ಹಾಗೇ ಇದೆ. ನೀನು ಆದದ್ದನ್ನು ಬರೆಯಿರಿ ಎಂದೆ, ಬರೆದಿದ್ದೇನೆ. ಇದನ್ನು ಅಂಚೆ ಡಬ್ಬಿಗೆ ಹಾಕಲೋ ಬೇಡವೋ ಎಂದು ಎರಡು ದಿನ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಭಾನುವಾರ ಬಂತು.

ಆರಾಧನೆ ಮುಗಿದ ಮೇಲೆ ಹಾಡಿನ ಟೀಚರು ನನ್ನ ಹತ್ತಿರ ಬಂದು ಕೂತರು. ಬೆಂಚುಗಳ ನಡುವಿನ ಓಣಿಯ ಬದಿಯ ತುದಿಯಲ್ಲಿ ಕೂತವರು, ಕೂತ ಕೂಡಲೇ ಎದ್ದುಬಿಟ್ಟರು. "ಅಯ್ಯೋ, ಮರೆತೇಬಿಟ್ಟೆ, ಇಲ್ಲಿ ಕೂರೋ ಹಾಗಿಲ್ಲ" ಎಂದರು.

"ಯಾಕೆ ಟೀಚರ್?" ಎಂದೆ.

"ಇದು ನಿಮ್ಮನೆಯವ್ರು ಚೀಲ ಇಡ್ತಿದ್ದ ಜಾಗ ಅಲ್ವಾ."

ಚೀಲ ಇಡುತ್ತಿದ್ದುದು ನನಗೂ ಗೊತ್ತು. ಗೋಡೆಯ ಬದಿಗೆ ನಾನು, ನಡುವೆ ಅವಳು, ಆಚೆ ತುದಿಗೆ ಅವಳ ಕಪ್ಪು ಚೀಲ. ಮಂಡಿ ನೋವಿಗೆ ನೆಲಕ್ಕೆ ಬಗ್ಗಲಾರದೆ ಮೇಲಿಡುತ್ತಾಳೆ ಎಂದುಕೊಂಡಿದ್ದೆ. ಹಾಗೇ ಹೇಳಿದೆ.

ಟೀಚರು ನನ್ನ ಮುಖ ನೋಡಿದರು. "ಏನ್ರೀ ನೀವು, ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿಲ್ವಾ? ಒಂದ್ಸಲ ಹಬ್ಬದ ದಿನ ಕೂರೋಕೆ ಜಾಗ ಇರ್ಲಿಲ್ಲ. ನಾನೇ ಕೇಳ್ದೆ, ಚೀಲ ತೆಗೀರಿ ಅಕ್ಕಾ, ಕೂತ್ಕೋತೀನಿ ಅಂತ. ಇಲ್ಲ, ಬರೋರಿದ್ದಾರೆ ಅಂದ್ರು. ಆರಾಧನೆ ಅರ್ಧ ಆಗೋಯ್ತಲ್ಲಕ್ಕಾ, ಇನ್ಯಾರು ಬರ್ತಾರೆ ಅಂದೆ. ತಡ ಮಾಡ್ತಾಳೆ, ಅವ್ಳಿಗೆ ಅಭ್ಯಾಸ ಅಂದ್ರು. ಅವತ್ತಿಂದ ನಾವ್ಯಾರೂ ಕೇಳಿಲ್ಲ."

ನಾನು ಕೂತಿದ್ದುದು ಅವಳ ಬಲಕ್ಕೆ. ಅವಳ ಕಡೆಗೆ ಇದ್ದುದು ನನ್ನ ಕೆಟ್ಟ ಕಿವಿ.

ಹಕ್ಕಿ ಏನೂ ಹೇಳಲಿಲ್ಲ ಎಂದು ನೀನು ಬರೆದದ್ದು ಸರಿ. ಇದು ಹಕ್ಕಿ ಹೇಳಿದ್ದಲ್ಲ. ಅವಳೇ ಹೇಳಿದ್ದು, ಟೀಚರು ಕೇಳಿದ್ದು. ಅದಕ್ಕೇ ಕಾಗದಕ್ಕೆ ಇದನ್ನೂ ಸೇರಿಸಿ ಹಾಕುತ್ತಿದ್ದೇನೆ.

ಕಿಟಕಿಯ ಮಾತು. ನಿನ್ನ ಕೈ ಬರದ ಕೆಲಸವನ್ನು ಮಾಡು ಎಂದು ನಾನು ಕೇಳಬಾರದಿತ್ತು. ಸರಿಯಾಗಿಯೇ ಕೂರಿಸು. ಆದರೆ ನನಗೊಂದು ಹೊಳೆದಿದೆ, ಹೌದೋ ಅಲ್ಲವೋ ನೀನೇ ಹೇಳಬೇಕು. ಕಚೇರಿಯಲ್ಲಿ ತೆಳು ಕಾಗದದ ಲಕೋಟೆಗಳನ್ನು ಬೆಳಕಿಗೆ ಹಿಡಿದರೆ ಹಿಂದಿನ ಅಕ್ಷರ ಮುಂದೆ ಕಾಣುತ್ತಿತ್ತು. ಆ ನೆನಪಿನಿಂದ ಒಂದು ಎಣ್ಣೆ ಕಾಗದದ ಮೇಲೆ ಹಕ್ಕಿ ಬರೆದೆ. ನನ್ನ ಹಕ್ಕಿ ನಿಜಕ್ಕೂ ಬಾತುಕೋಳಿಯೇ. ಅದನ್ನು ಚರ್ಚಿಗೆ ಒಯ್ದು, ಬರೆದ ಮೈ ಒಳಗಡೆಗೆ ಮಾಡಿ, ನಮ್ಮ ಪ್ಲೈವುಡ್ಡಿನ ಮೇಲೆ ಹಿಡಿದೆ. ನೀನು ಹೇಳಿದ ಹಾಗೇ ಬಲಿಪೀಠ ನೋಡಿತು. ಅದನ್ನೇ ತಿರುವದೆ ಎದುರು ಗೋಡೆಗೆ ಒಯ್ದು ಹಿಡಿದೆ. ಅಲ್ಲಿ ಬಾಗಿಲು ನೋಡಿತು.

ಎದುರು ಗೋಡೆಯ ಕಿಟಕಿಗೆ ಬರೀ ಬಿಳಿ ಗಾಜಿದೆ. ಬಡಗಿ ಅಳೆದ, ಎರಡೂ ಒಂದೇ ಅಳತೆ. ಆ ಗಾಜನ್ನು ಇಲ್ಲಿಗೆ ಹಾಕಿ, ಹಕ್ಕಿಯನ್ನು ಅಲ್ಲಿಗೆ ಹಾಕಿದರೆ ಹೇಗೆ? ಅಲ್ಲಿಯಾದರೆ ಬಿಸಿಲೂ ಹೆಚ್ಚು. ನಮ್ಮ ಬೆಂಚಿನಿಂದ ಕತ್ತು ಎತ್ತದೆ ನೇರವಾಗಿ ಕಾಣುತ್ತದೆ. ಕೈಯಲ್ಲಿ ಕಾಗದ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಾನು ಓಡಾಡುವುದನ್ನು ಗಂಟೆಯಣ್ಣ ನೋಡಿ, "ಏನ್ ಯಜಮಾನ್ರೇ, ಗಾಳಿಪಟ ಹಾರ್ಸೋ ವಯಸ್ಸಾ?" ಎಂದ. ಹೇಳಿದೆ. ಅವನು ತನ್ನ ಕೈಯಲ್ಲೂ ಒಮ್ಮೆ ಹಿಡಿದು ನೋಡಿದ. ಸಭೆಯನ್ನು ಅವನೇ ಒಪ್ಪಿಸಿದ.

ಅಪ್ಪ

&nbsp;

ಜೂನ್ ೨೯

ಅಪ್ಪ,

ಆಗುತ್ತದೆ. ಯಜಮಾನರನ್ನು ಕೇಳಿದೆ. ನಿಮ್ಮ ಎಣ್ಣೆ ಕಾಗದದ ಪರೀಕ್ಷೆ ಸರಿ. ಇಷ್ಟು ದಿನ ಇದನ್ನೇ ಮೇಜಿನ ಮೇಲಿಟ್ಟುಕೊಂಡು ಕೂತವಳಿಗೆ ಎದುರಿಗೊಂದು ಗೋಡೆ ಇರುವುದು ನೆನಪಾಗಲಿಲ್ಲ.

ಕೆಲಸ ಮುಗಿಯುತ್ತ ಬಂದಿದೆ. ಹೊಸ ಸೀಸದ ಪಟ್ಟಿ ಹಾಕಿ, ಬೆಸೆದು, ಸಂದಿಗೆಲ್ಲ ಪುಟ್ಟಿ ತುಂಬಿ ಉಜ್ಜಿದ್ದೇನೆ. ಟೀಚರ ಹಸಿರು ಚೂರು ಮರಿಗಳ ಗೂಡಿನ ಕೆಳಗಿನ ಎಲೆ. ಅದು ತನ್ನ ಜಾಗಕ್ಕೆ ಹೋಯಿತು.

ಉಳಿದಿದ್ದ ಎರಡು ರಕ್ತದ ಹನಿಗಳನ್ನು ಮುಟ್ಟಿಲ್ಲ. ಹೋದವುಗಳನ್ನು ಹೊಸದಾಗಿ ಬರೆಯಲೂ ಇಲ್ಲ. ಎರಡಿದ್ದರೆ ಸಾಕು, ತಿಳಿಯುವವರಿಗೆ ತಿಳಿಯುತ್ತದೆ. ಕಣ್ಣು ಮಾತ್ರ ಬರೆಯಲೇಬೇಕಿತ್ತು. ಹಳೆಯ ಗಾಜಿನ ಮೇಲೆ ಬರೆಯುವುದಿಲ್ಲ ನಾವು. ಅದರ ಹಿಂದೆ ತೆಳುವಾದ ಇನ್ನೊಂದು ಗಾಜು ಇಟ್ಟು ಅದರ ಮೇಲೆ ಬರೆಯುತ್ತೇವೆ. ನಾಳೆ ಯಾರಿಗಾದರೂ ಬೇಡವೆನಿಸಿದರೆ ತೆಗೆಯಬಹುದು.

ಕಣ್ಣು ಹೇಗಿರಬೇಕೆಂದು ಎಲ್ಲೂ ದಾಖಲೆ ಇಲ್ಲ. ಬೇರೆ ಚರ್ಚುಗಳ ಹೆಜ್ಜಾರ್ಲೆಗಳನ್ನು ನೋಡಿದೆ. ಕೆಲವು ಅಳುತ್ತವೆ, ಕೆಲವು ಕಣ್ಣು ಮುಚ್ಚಿವೆ. ನಾನು ಬರೆದದ್ದೆಲ್ಲ ಸರಿಯಾಗದೆ ಒರೆಸಿ ಒರೆಸಿ ಗಾಜು ಸವೆಯಿತು. ಕೊನೆಗೆ ಅಮ್ಮ ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣನ್ನು ಸ್ವಲ್ಪ ಕಿರಿದು ಮಾಡುತ್ತಿದ್ದಳಲ್ಲ, ಉಸಿರು ಹಿಡಿದು, ಯಾರೂ ಮಾತಾಡಿಸಬಾರದು ಎನ್ನುವ ಹಾಗೆ, ಅದನ್ನು ಬರೆದೆ. ಒಂದೇ ಸಲಕ್ಕೆ ಬಂತು. ಕುಲುಮೆಯಿಂದ ತೆಗೆದಾಗ ಯಜಮಾನರು, "ಸಿಟ್ಟಾಗಿದೆಯೋ ಕಾಯ್ತಿದೆಯೋ ಗೊತ್ತಾಗಲ್ಲವಲ್ಲಮ್ಮಾ" ಎಂದರು. ನನಗೂ ಗೊತ್ತಾಗುತ್ತಿರಲಿಲ್ಲ ಎಂದೆ.

ಮುಂದಿನ ತಿಂಗಳು ಎರಡನೆಯ ವಾರ ನಮ್ಮವರಿಬ್ಬರು ಬಂದು ಕೂರಿಸುತ್ತಾರೆ. ಭಾನುವಾರದ ಹೊತ್ತಿಗೆ ಸಿದ್ಧವಿರುತ್ತದೆ. ನಾನಿನ್ನೂ ರಜೆ ಕೇಳಿಲ್ಲ.

ನಿಮ್ಮ ಕಾಗದ ಜೇಬಿನಲ್ಲಿದೆ.

ಮಗಳು

&nbsp;

ಜುಲೈ ೨೩

ಮಗಳೇ,

ನೀನು ಹೋಗಿ ಒಂದು ವಾರವಾಯಿತು. ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು ಕೇಳಿಸಲಿಲ್ಲ. ಗ್ಯಾಸಿನ ವಿಷಯ ಅಲ್ಲವೆಂದು ತಿಳಿದು ಸುಮ್ಮನೆ ತಲೆಯಾಡಿಸಿದೆ.

ಆ ಭಾನುವಾರ ನಿನಗೆ ಕಾಣದೆ ಹೋದದ್ದನ್ನು ಬರೆಯುತ್ತೇನೆ. ನೀನು ಬರುವೆಯೆಂದು ತಿಳಿಸಿರಲಿಲ್ಲ. ಆದರೂ ಅಮ್ಮನ ಕಪ್ಪು ಚೀಲ ತಂದು ಬೆಂಚಿನ ತುದಿಗೆ ಇಟ್ಟಿದ್ದೆ. ಮೊದಲ ಹಾಡು ಮುಗಿಯಿತು. ವಾಚನ ಮುಗಿಯಿತು. ಪಾದ್ರಿಗಳು ಹೆಜ್ಜಾರ್ಲೆಯ ಕಥೆ ಹೇಳಿದರು. ಮರಿಗಳು ಬಡಿಯುವುದು, ತಾಯಿ ಹೊಡೆಯುವುದು ಅವರಿಗೆ ಗೊತ್ತಿರಲಿಲ್ಲವೋ, ಬಿಟ್ಟರೋ, ರಕ್ತ ಕುಡಿಸುವುದನ್ನಷ್ಟೇ ಹೇಳಿದರು. ಮಳೆ ಬಿಟ್ಟು, ಎದುರು ಗೋಡೆಯಿಂದ ಬಿಸಿಲು ಇಳಿದು ನಮ್ಮ ಬೆಂಚಿನ ಕಾಲಿನವರೆಗೆ ಬಂದಿತ್ತು. ನೆಲದ ಮೇಲೆ ದ್ರಾಕ್ಷಿಯ ಬಣ್ಣ.

ಎರಡನೆಯ ಹಾಡಿನ ನಡುವೆ ಬಾಗಿಲು ತೆರೆಯಿತು. ನನಗೆ ಕೇಳಿಸಲಿಲ್ಲ. ಹಕ್ಕಿಯನ್ನು ನೋಡುತ್ತಿದ್ದೆ. ಅದರ ಕಣ್ಣು ಅಮ್ಮನದೇ, ನೀನು ಬರೆದಿರದಿದ್ದರೂ ಗುರುತು ಹಿಡಿಯುತ್ತಿದ್ದೆ. ಹಾಡಿನ ಟೀಚರು ಒಂದು ಸಾಲು ಬಿಟ್ಟರು. ನನಗೆ ತಿಳಿದಂತೆ ಅವರು ಸಾಲು ಬಿಟ್ಟದ್ದು ಅದೇ ಮೊದಲು. ಆಗ ತಿರುಗಿ ನೋಡಿದೆ.

ನೀನು ಒದ್ದೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತು ಹಕ್ಕಿಯನ್ನು ನೋಡುತ್ತಿದ್ದೆ. ಆಮೇಲೆ ಬಂದು, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ನಡುವಿನ ಜಾಗ ಹಾಗೇ ಬಿಟ್ಟೆವು. ಗಂಟೆಯಣ್ಣ ಹಿಂದಿನಿಂದ, "ನಿಧಾನಿ ಬಂದ್ಲು" ಎಂದನಂತೆ. ಅದನ್ನು ನನಗೆ ಟೀಚರು ಹೇಳಿದ್ದು.

ನೀನು ಹೊಲಿದ ಗುಂಡಿ ಗಟ್ಟಿಯಾಗಿದೆ.

ಇವತ್ತು ಆರಾಧನೆಗೆ ಹೋದಾಗ ಒಯ್ಯಲು ಚೀಲವಿರಲಿಲ್ಲ, ನೀನು ಜೊತೆಗೆ ಕೊಂಡುಹೋಗಿದ್ದೀಯಲ್ಲ. ಅದು ನಿನ್ನ ಹತ್ತಿರವೇ ಇರಲಿ. ಊರಿಗೆ ಹೊಸಬರು ಯಾರೋ ಗಂಡಹೆಂಡತಿ ಬಂದಿದ್ದರು. ಬೆಂಚಿನ ತುದಿ ಖಾಲಿ ಇರುವುದನ್ನು ನೋಡಿ, "ಇಲ್ಲಿ ಕೂರಬಹುದಾ ಯಜಮಾನ್ರೇ?" ಎಂದು ಆ ಹೆಣ್ಣುಮಗಳು ಕೇಳಿದಳು. ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತು. ನಡುವಿನ ಜಾಗ ತೋರಿಸಿ, ಇಲ್ಲಿ ಇಬ್ಬರೂ ಕೂತುಕೊಳ್ಳಿ ಎಂದೆ. ತುದಿಯ ಮೇಲೆ ನನ್ನ ಟೋಪಿ ಇಟ್ಟೆ.

"ಯಾರಾದ್ರೂ ಬರೋರಿದ್ದಾರಾ?" ಎಂದಳು.

ಇದ್ದಾರೆ ಎಂದೆ. ತಡ ಮಾಡ್ತಾಳೆ, ಅವಳಿಗೆ ಅಭ್ಯಾಸ.

ನಿನ್ನ ಅಪ್ಪ